ಹುಳದ ತಟ್ಟೆಯ ಕೆಳಗೆ ಓದಿದ ಸೆಟ್ಟಿಂಗು

ಆ ಶನಿವಾರ ಕಾರ್ಖಾನೆಯಿಂದ ಆಚೆ ಹೋದ ಹಳೇ ಪೇಪರಿನ ಕಟ್ಟಿಗೆ ಗೇಟ್ ಪಾಸ್ ಬರೆದುಕೊಟ್ಟವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ, ಯಾಕೆಂದರೆ ಮುಂದೆ ಬೇರೆಯವರನ್ನು ಸಾಕಷ್ಟು ಬೈಯುವುದಿದೆ.

ಎರಡು ಸಾವಿರದ ಐದನೆಯ ಇಸವಿಯ ಆಸುಪಾಸು. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಕಂಪ್ಯೂಟರ್ ರೂಮಿನಲ್ಲಿ ನನಗೆ ಕೆಲಸ. ರಾಮನಗರದಿಂದ ದಿನಾ ಬಸ್ಸು ಹಿಡಿದು ಹೋಗುತ್ತಿದ್ದೆ. ರೂಮಿನಲ್ಲಿ ನಾವಿದ್ದದ್ದು ಇಬ್ಬರೇ, ನಾನು ಮತ್ತು ಕೈಲಾಂಚದ ಕಡೆಯ ಒಬ್ಬ ಆಪರೇಟರು. ಅವರಿಗೆ ಐವತ್ತರ ಹತ್ತಿರ ವಯಸ್ಸು, ನನಗೆ ಇಪ್ಪತ್ತೇಳು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಅವರು ನನ್ನನ್ನು ಮ್ಯಾನೇಜರ ಮುಂದೆ ಮೇಡಂ ಅಂತಲೂ ಉಳಿದ ಹೊತ್ತು ಅವ್ವ ಅಂತಲೂ ಕರೆಯುತ್ತಿದ್ದರು. ಕಾಗದದ ಮೇಲೆ ನಾನು ಅವರಿಗಿಂತ ಮೇಲಿನವಳು. ಇದನ್ನು ಆಗ ನಾನು ಒಂದು ದಿನವೂ ಮರೆತದ್ದಿಲ್ಲ, ಅವರಿಗೆ ಮರೆಯಲು ಬಿಟ್ಟದ್ದೂ ಇಲ್ಲ.

ರೂಮಿನ ನಡುವೆ ನನ್ನಷ್ಟೇ ಎತ್ತರದ ಒಂದು ಕಪ್ಪು ಪೆಟ್ಟಿಗೆ ನಿಂತಿತ್ತು. ಅದಕ್ಕೆ ಸ್ಟೋರೇಜ್ ಅಂತ ಹೆಸರು. ಕಾರ್ಖಾನೆಯ ಅಷ್ಟೂ ಲೆಕ್ಕ, ನಕ್ಷೆ, ಆರ್ಡರು ಅದರೊಳಗಿನ ಡಿಸ್ಕುಗಳಲ್ಲಿ ಇರುತ್ತಿತ್ತು. ಅಣ್ಣ ಅದನ್ನು ಬೀರು ಅನ್ನುತ್ತಿದ್ದರು. ದಿನಾ ಬೆಳಗ್ಗೆ ಬಂದವರೇ ಅದರ ಬಾಗಿಲ ಮೇಲೆ ಅಂಗೈ ಇಟ್ಟು, "ಒಸಿ ಬೆಚ್ಗೈತೆ ಕಣವ್ವ" ಎಂದೋ "ಇವತ್ತು ತಣ್ಗೈತೆ" ಎಂದೋ ವರದಿ ಒಪ್ಪಿಸುತ್ತಿದ್ದರು. ಅದಕ್ಕೆಲ್ಲ ಪರದೆಯ ಮೇಲೆ ಡಿಗ್ರಿ ಲೆಕ್ಕದಲ್ಲಿ ಬರುತ್ತದೆ ಎಂದು ನಾನು ಎಷ್ಟು ಸಲ ಹೇಳಿದರೂ ಕೈ ಇಡುವುದು ಬಿಡಲಿಲ್ಲ.

ಇಂಥ ಪೆಟ್ಟಿಗೆಗಳು ಕಂಪನಿಯಿಂದ ಬರುವಾಗ ಎಲ್ಲರಿಗೂ ಒಂದೇ ಅಳತೆಯಲ್ಲಿ ಬರುತ್ತವೆ, ಅಂಗಡಿಯಲ್ಲಿ ಸಿಗುವ ರೆಡಿಮೇಡ್ ರವಿಕೆಯ ಹಾಗೆ. ತೋಳು ಬಿಗಿ, ಸೊಂಟ ಸಡಿಲ. ನಮ್ಮ ಮೈಗೆ ತಕ್ಕ ಹಾಗೆ ಹಿಡಿಸಿಕೊಳ್ಳುವುದು ನಮ್ಮ ಕೆಲಸ. ನಾವು ಮೂರು ವರ್ಷದಲ್ಲಿ ನಾಲ್ಕು ಕಡೆ ಹಿಡಿಸಿದ್ದೆವು. ಮೊದಲನೆಯದು, ಪೆಟ್ಟಿಗೆ ತನ್ನ ಡಿಸ್ಕುಗಳನ್ನೆಲ್ಲ ತಾನೇ ಪರೀಕ್ಷೆ ಮಾಡಿಕೊಳ್ಳುವ ಹೊತ್ತು. ಕಂಪನಿಯವರು ಅದನ್ನು ಬೆಳಗ್ಗೆ ಆರು ಗಂಟೆಗೆ ಇಟ್ಟಿದ್ದರು. ನಮ್ಮ ಮೊದಲ ಶಿಫ್ಟು ಶುರುವಾಗುವುದೇ ಆರಕ್ಕೆ. ಎರಡನೆಯದು, ಬಂದ ಲೆಕ್ಕವನ್ನು ಡಿಸ್ಕಿಗೆ ಬರೆಯುವ ಮುಂಚೆ ಅದು ಎಷ್ಟು ಹೊತ್ತು ಕೈಯಲ್ಲೇ ಹಿಡಿದಿರಬೇಕು ಎಂಬುದು. ಆಗಾಗ ಕೈಕೊಡುವ ಬಿಡದಿಯ ಕರೆಂಟಿಗೆ ಹೆದರಿ ಅದನ್ನು ಕಡಿಮೆ ಮಾಡಿದ್ದೆವು. ಮೂರನೆಯದು, ಟೇಪಿಗೆ ನಕಲು ತೆಗೆಯುವ ಕೆಲಸಕ್ಕೂ ಲೇಬಲ್ ಪ್ರಿಂಟಿಗೂ ಯಾರಿಗೆಷ್ಟು ಪಾಲು ಎಂಬುದು. ನಾಲ್ಕನೆಯದು, ಕೇಳುವ ಮುಂಚೆಯೇ ಎಷ್ಟು ಮುಂದಕ್ಕೆ ಓದಿಟ್ಟುಕೊಳ್ಳಬೇಕು ಎಂಬುದು, ಅಂದರೆ ಎಲೆಯಲ್ಲಿ ಅನ್ನ ಮುಗಿಯುವ ಮೊದಲೇ ಬಡಿಸುವವನು ಬಂದು ನಿಂತ ಹಾಗೆ.

ಈ ನಾಲ್ಕನೆಯದು ನನ್ನದು. ಕಂಪನಿಯವರು ಮೂವತ್ತೆರಡು ಇಟ್ಟು ಕಳಿಸಿದ್ದನ್ನು ನೂರ ಇಪ್ಪತ್ತೆಂಟು ಮಾಡಿದವಳು ನಾನು, ನಾನೊಬ್ಬಳೇ, ದಪ್ಪ ಪುಸ್ತಕ ಓದಿ. ಮಾಡಿದ ದಿನ ಇಡೀ ಡಿಪಾರ್ಟ್‌ಮೆಂಟಿಗೆ ಮೈಸೂರು ಪಾಕ್ ಹಂಚಿದ್ದೆ. ಅಣ್ಣ ಎರಡು ತುಂಡು ತಿಂದರು. ವರ್ಷದ ಕೊನೆಯ ನನ್ನ ವರದಿಯಲ್ಲಿ ಮ್ಯಾನೇಜರಿಗೆ ಅದನ್ನೇ ಮೊದಲ ಸಾಲಿನಲ್ಲಿ ಬರೆದುಕೊಟ್ಟಿದ್ದೆ. ಕೊಂಬು ಬರುವುದು ಅನ್ನುತ್ತಾರಲ್ಲ, ನನಗೆ ಬಂದಿತ್ತು.

ಉಳಿದ ಮೂರನ್ನು ಅಣ್ಣ ತಾವೇ ಸರಿಮಾಡಿದ್ದು. ಅವರು ಪುಸ್ತಕ ಓದುತ್ತಿರಲಿಲ್ಲ. ಡಿಸ್‌ಪ್ಯಾಚಿಗೆ ಹೋಗಿ ಲೇಬಲ್ ಪ್ರಿಂಟರಿನ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದರು. ಪ್ರತಿ ಡಬ್ಬಕ್ಕೂ ಒಂದು ಲೇಬಲ್ ಅಂಟಬೇಕು, ಲೇಬಲ್ ಇಲ್ಲದೆ ಲಾರಿ ಹೊರಡುವ ಹಾಗಿಲ್ಲ. ಕೆಲಸದ ಹುಡುಗಿ ಗುಂಡಿ ಒತ್ತಿದ ಕೂಡಲೇ ಅಣ್ಣ ಬಾಯಲ್ಲಿ ಎಣಿಸುವರು: ಲಾಭ, ಎರಡು, ಮೂರು. ರಾಗಿ ಅಳೆಯುವಾಗ ಒಂದು ಅನ್ನದೆ ಲಾಭ ಅನ್ನುವುದು ನಮ್ಮ ಕಡೆಯ ಪದ್ಧತಿ. ಲೇಬಲ್ಲು ಲಾಭದಲ್ಲೇ ಹೊರಗೆ ಬಂದರೆ ಬೀರು ಸರಿಯಾಗಿದೆ ಎಂದರ್ಥ. ಮೂರು ದಾಟಿದರೆ ರೂಮಿಗೆ ಬಂದು ಏನನ್ನೋ "ಒಸಿ", ಅಂದರೆ ಸ್ವಲ್ಪ, ಹೆಚ್ಚಿಸುವರು, ಏನನ್ನೋ "ಒಸಿ" ಇಳಿಸುವರು, ಮತ್ತೆ ಬೆಂಚಿಗೆ ಹೋಗುವರು. ಆ ಬೆಂಚಿನ ಮೇಲೆ ನಾನು ಒಂದು ದಿನವೂ ಕೂತವಳಲ್ಲ. ಇಂಜಿನಿಯರ್ ಆದವಳು ಬೆಂಚಿನ ಮೇಲೆ ಕೂತು ರಾಗಿ ಎಣಿಸುವುದೇ?

ಅಣ್ಣನಿಗೆ ಇನ್ನೊಂದು ಹಕ್ಕಿತ್ತು. ನಮ್ಮ ರೂಮಿನ ಹಳೇ ಪ್ರಿಂಟಿನ ಪೇಪರು, ಎರಡೂ ಅಂಚಿಗೆ ತೂತುಗಳ ಸಾಲಿರುವ ಆ ಅಗಲವಾದ ಪೇಪರು, ತಿಂಗಳಿಗೊಮ್ಮೆ ಅವರ ಮನೆಗೆ ಹೋಗುತ್ತಿತ್ತು. ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳದ ತಟ್ಟೆಗೆ ಹಾಸಲು ಅಷ್ಟು ಅಗಲದ ಗಟ್ಟಿ ಕಾಗದ ಬೇರೆಲ್ಲೂ ಸಿಗುತ್ತಿರಲಿಲ್ಲ. ದಿನಪತ್ರಿಕೆಯಾದರೆ ಎರಡು ಬೇಕು, ಇದು ಒಂದೇ ಸಾಕು ಎಂದು ಅವರ ಹೆಂಡತಿ ಹೊಗಳಿದ್ದನ್ನು ಅಣ್ಣ ನನಗೆ ಹೇಳಿ, ಆ ಹೊಗಳಿಕೆ ಕಂಪನಿಗೂ ಸೇರಬೇಕು ಎಂದಿದ್ದರು.

ಹೀಗಿರುವಾಗ ಒಂದು ಶುಕ್ರವಾರ ಮ್ಯಾನೇಜರು ನನ್ನನ್ನು ಕರೆದರು. ಸ್ಟೋರೇಜನ್ನು ಹೊಸ ಪದ್ಧತಿಗೆ ಬದಲಾಯಿಸಬೇಕು, ಡಿಸ್ಕುಗಳು ಅವೇ, ಅವನ್ನು ನಡೆಸುವ ತಲೆ ಮಾತ್ರ ಹೊಸದು, ಭಾನುವಾರ ಚೆನ್ನೈಯಿಂದ ಒಬ್ಬ ಇಂಜಿನಿಯರು ಬಂದು ಮಾಡಿಕೊಡುತ್ತಾನೆ ಎಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಒಳ್ಳೆಯ ಸುದ್ದಿ ಇರುತ್ತಿರಲಿಲ್ಲ.

"ನೋಡಿ, ಸೋಮವಾರ ಮೊದಲ ಶಿಫ್ಟು ಸಲೀಸಾಗಿ ನಡೆದರೆ ಆ ರೂಮಿನ ಪೂರ್ತಿ ಚಾರ್ಜು ನಿಮಗೇ ಬರೆದುಕೊಡ್ತೀನಿ. ಲೇಬಲ್ ನಿಂತು ಲಾರಿ ನಿಂತರೆ ಮಾತ್ರ ನನ್ನ ಕೈಯಲ್ಲಿ ಏನೂ ಇರಲ್ಲ. ಮೇಲಿನವರು ರೂಮನ್ನು ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟುಬಿಡ್ತಾರೆ. ನಿಮ್ಮಿಬ್ಬರನ್ನೂ ಸ್ಟೋರ್ಸಿಗೆ ಹಾಕ್ತಾರೆ."

ಸ್ಟೋರ್ಸ್ ಅಂದರೆ ನಟ್ಟು ಬೋಲ್ಟು ಎಣಿಸುವ ಜಾಗ. ನನಗೆ ಆ ರೂಮು ಬೇಕಿತ್ತು. ಎಷ್ಟು ಬೇಕಿತ್ತು ಎಂದರೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಾಗಿಲ ಮೇಲಿನ ಬೋರ್ಡಿನಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ಮೊದಲು ಬರೆಸಬೇಕೋ ಇಂಗ್ಲಿಷಿನಲ್ಲೋ ಎಂದು ಯೋಚಿಸುತ್ತಿದ್ದೆ.

"ಹಳೇ ಸೆಟ್ಟಿಂಗ್ ಎಲ್ಲ ಜೋಪಾನವಾಗಿ ಇಟ್ಟಿದೀರಾ?" ಎಂದರು ಮ್ಯಾನೇಜರು.

"ಎರಡು ಕಡೆ ಇಡ್ತೀನಿ ಸರ್," ಅಂದೆ.

ಇಟ್ಟೆ ಕೂಡ. ಶನಿವಾರ ಬೆಳಗ್ಗೆ ನಾಲ್ಕೂ ಸೆಟ್ಟಿಂಗಿನ ಪಟ್ಟಿ ತೆಗೆದು, ಒಂದು ಪ್ರತಿಯನ್ನು ಫೈಲ್ ಮಾಡಿ ಉಳಿಸಿದೆ, ಇನ್ನೊಂದನ್ನು ಅಗಲ ಪೇಪರಿನಲ್ಲಿ ಪ್ರಿಂಟ್ ತೆಗೆದೆ. ಒಂದು ಸಲ ಓದಿಯೂ ನೋಡಲಿಲ್ಲ. ನನ್ನದೇ ಕೆಲಸ, ನನಗೆ ಗೊತ್ತಿಲ್ಲದ್ದು ಏನಿದೆ ಅದರಲ್ಲಿ? ಪ್ರಿಂಟನ್ನು ಪ್ರಿಂಟರಿನ ಪಕ್ಕದ ಪೇಪರ್ ರಾಶಿಯ ಮೇಲೆ ಇಟ್ಟು ಚಹಾ ಕುಡಿಯಲು ಹೋದೆ. ಮಧ್ಯಾಹ್ನ ಅಣ್ಣ ಗೇಟ್ ಪಾಸ್ ಕೇಳಿದರು. "ಹಳೇ ಪೇಪರ್, ಒಂದು ಕಟ್ಟು" ಎಂದು ಬರೆದು ಕೊಟ್ಟೆ. ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಅಣ್ಣ ಹೊರಟರು, ಗೇಟಿನ ಸೆಕ್ಯುರಿಟಿಯವನು ಪಾಸ್ ನೋಡಿ ಸೆಲ್ಯೂಟ್ ಹೊಡೆದನಂತೆ.

ಭಾನುವಾರ ಬೆಳಗ್ಗೆ ಇಂಜಿನಿಯರು ಬಂದ. ಕೆಲಸ ಬಲ್ಲವನು, ಮಾತು ಕಡಿಮೆ. ಹನ್ನೊಂದೂವರೆಗೆಲ್ಲ ಬದಲಾವಣೆಯ ಕೆಲಸ ಮುಗಿಸಿದ. ಡೇಟಾ ಒಂದು ಅಕ್ಷರವೂ ಹೋಗಿಲ್ಲ, ಪರೀಕ್ಷೆ ಮಾಡಿ ಎಂದ. ಅಣ್ಣ ಡಿಸ್‌ಪ್ಯಾಚಿಗೆ ಹೋಗಿ ಒಂದು ಲೇಬಲ್ ಒತ್ತಿಸಿ ವಾಪಸ್ ಬಂದರು. ಮುಖ ಸಪ್ಪಗಾಗಿತ್ತು.

"ಎಷ್ಟಣ್ಣ?"

"ಹನ್ನೊಂದು ಕಣವ್ವ. ನಡುವ್ಲಾಗೆ ಎಣ್ಕೆ ತಪ್ಪೋಯ್ತೇನೋ ಅಂತ ಇನ್ನೊಂದ್ ಕಿತ ಒತ್ತುಸ್ದೆ. ಹನ್ನೆರಡಾಯ್ತು."

ಇಂಜಿನಿಯರು ತನ್ನ ಅರ್ಧಂಬರ್ಧ ಕನ್ನಡದಲ್ಲಿ ವಿವರಿಸಿದ. ಹೊಸ ತಲೆ ಬಂದಿದೆಯಲ್ಲ, ಅದು ತನ್ನ ಸೆಟ್ಟಿಂಗಿನಲ್ಲೇ ಎದ್ದಿದೆ. ನಿಮ್ಮದನ್ನು ಅದು ತಾನಾಗಿ ತರುವುದಿಲ್ಲ. ಪಟ್ಟಿ ಕೊಡಿ, ಹತ್ತು ನಿಮಿಷದಲ್ಲಿ ಹಾಕುತ್ತೇನೆ. ಆದರೆ ಹೊಸ ತಲೆಯಲ್ಲಿ ಇವನ್ನು ಹಾಕುವ ಬೀಗದ ಕೈ ನನ್ನ ಹತ್ತಿರ ಮಾತ್ರ ಇದೆ, ಐದು ಗಂಟೆಗೆ ನಾನು ಹೊರಡಬೇಕು, ಆಮೇಲೆ ಕಂಪನಿಗೆ ಪತ್ರ ಬರೆದರೆ ವಾರ ಹಿಡಿಯುತ್ತದೆ.

ನಾನು ದೊಡ್ಡ ಗತ್ತಿನಿಂದ ನನ್ನ ಫೈಲು ತೆರೆಯಲು ಹೋದೆ. ಫೈಲಿರಲಿಲ್ಲ. ಎಲ್ಲಿ ಉಳಿಸಿದ್ದಿರಿ ಎಂದು ಅವನು ಕೇಳಿದ. ಸ್ಟೋರೇಜಿನ ಒಳಗೇ, ಅದರ ಸ್ವಂತ ಜಾಗದಲ್ಲಿ, ಎಂದೆ. ಆ ಜಾಗವನ್ನೇ ಈಗ ಅಳಿಸಿ ಹೊಸದು ಹಾಕಿದ್ದು ಎಂದ. ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ್ದೆ. ಅವನು ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

ಇನ್ನು ಉಳಿದದ್ದು ಪ್ರಿಂಟು. ಪ್ರಿಂಟರಿನ ಪಕ್ಕ ನೋಡಿದರೆ ಖಾಲಿ, ಗುಡಿಸಿ ಒರೆಸಿದ ನೆಲ. ನಾನು ಅಣ್ಣನ ಮುಖ ನೋಡಿದೆ. ಅಣ್ಣ ನೆಲ ನೋಡಿದರು.

"ರಾಶಿ ಮ್ಯಾಲೆ ಇತ್ತಲ್ಲ, ಹೊಸ ಪೇಪರು, ಮೂರು ಹಾಳೆ? ಎಷ್ಟ್ ಚೆನ್ನಾಗಿ ಬಿಳೀಗೈತೆ ಅಂದ್ಕಂಡೆ ಕಣವ್ವ."

ನಾನು ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಇಂಜಿನಿಯರಿಗೆ ಕನ್ನಡ ಅಷ್ಟಾಗಿ ಬಾರದಿದ್ದದ್ದು ಒಳ್ಳೆಯದಾಯಿತು. ಬೈದು ಮುಗಿಸಿ, "ನೀವು ಹಾಕಿದ ಮೂರು ಸೆಟ್ಟಿಂಗು ನೆನಪಿದೆಯೇನಣ್ಣ?" ಎಂದೆ. ನಾಲ್ಕನೆಯದು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು.

"ಮೊದುಲ್ನೇದು ಭಾನ್ವಾರ ಮಧ್ಯಾಹ್ನ. ಎಲ್ಡುನೇದು ಒಸಿ ಕಮ್ಮಿ ಮಾಡಿದ್ದೆ. ಮೂರ್ನೇದು ಲೇಬಲ್‌ಗೆ ಒಸಿ ಜಾಸ್ತಿ."

ಇಂಜಿನಿಯರು "ಒಸಿ" ಅಂದರೆ ಎಷ್ಟು ಎಂದು ಕೇಳಿದ. ಆ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಇದುವರೆಗೂ ಯಾರೂ ಉತ್ತರ ಕೊಟ್ಟಿಲ್ಲ.

ಮೊಪೆಡ್ಡಿನ ಹಿಂದೆ ಕೂತು ಹೊರಟೆ. ಬಿಡದಿಯಿಂದ ರಾಮನಗರ, ಅಲ್ಲಿಂದ ಕೈಲಾಂಚದ ದಾರಿ. ಅಣ್ಣನ ಮೊಪೆಡ್ಡಿಗೆ ಇಬ್ಬರು ಕೂತರೆ ಏರಿನಲ್ಲಿ ಒಬ್ಬರು ಇಳಿಯಬೇಕು. ಪ್ರತಿ ಏರಿನಲ್ಲೂ ನಾನೇ ಇಳಿದೆ. ಊರು ಸೇರುವ ಹೊತ್ತಿಗೆ ಎರಡು ಗಂಟೆ ಹತ್ತಿರ. ಮನೆಗೆ ಬೀಗ. ಅಣ್ಣನ ಹೆಂಡತಿ ಸೊಪ್ಪಿಗೆ ತೋಟಕ್ಕೆ ಹೋಗಿದ್ದವರು ಹೊರೆ ಹೊತ್ತುಕೊಂಡು ಬರುವವರೆಗೆ ಜಗಲಿಯ ಮೇಲೆ ಕಾದೆವು. ಬಂದವರು ನನ್ನನ್ನು ನೋಡಿ ಸಂತೋಷಪಟ್ಟರು, ವಿಷಯ ಕೇಳಿ ಹೊರೆ ಇಳಿಸದೆ ನಿಂತರು.

"ಆ ಪೇಪರಾ? ನೆನ್ನೆ ಸಂದೇಲಿ ತಟ್ಟೆಗೆಲ್ಲ ಅದ್ನೇ ಹಾಸ್ದೆ. ಹುಳ ಮೂರ್ನೇ ಜ್ವರಕ್ಕೆ ಕೂತವೆ. ಈಗ ಮುಟ್ಟಂಗಿಲ್ಲ."

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ಹಗಲು ಒಂದು ರಾತ್ರಿ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವೆ, ಸೊಪ್ಪು ತಿನ್ನುವುದಿಲ್ಲ. ಆ ಹೊತ್ತಿನಲ್ಲಿ ಅವನ್ನು ಕದಲಿಸಿದರೆ ಪೊರೆ ಸಿಕ್ಕಿಕೊಂಡು ಸಾಯುತ್ತವೆ. ರಾಮನಗರದಲ್ಲಿ ಹುಟ್ಟಿ ಬೆಳೆದವಳು, ನನಗೂ ಇಷ್ಟು ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ.

"ಅಕ್ಕ, ಮೂರೇ ಹಾಳೆ. ನನ್ನ ಕೆಲಸದ ಪ್ರಶ್ನೆ."

"ಇಪ್ಪತ್ನಾಲ್ಕು ತಟ್ಟೆ ಹುಳ ಐತೆ, ನಂಗೂ ಅದು ಕೆಲ್ಸನೇ ಕಣವ್ವ. ರಾತ್ರಿಗೆ ಏಳ್ತವೆ, ಎದ್ಮ್ಯಾಲೆ ಎತ್ಕೊಡ್ತೀನಿ."

ಐದು ಗಂಟೆಗೆ ಬೀಗ ಹಾಕಿಕೊಂಡು ಹೋಗುವ ಮನುಷ್ಯ ಒಬ್ಬ ಬಿಡದಿಯಲ್ಲಿ ಕೂತಿದ್ದಾನೆ ಎಂದು ಅವರಿಗೆ ವಿವರಿಸಿದೆ. ಅಕ್ಕ ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು.

"ಮಸಿ ಹುಳಕ್ಕೆ ತಾಕ್ಬಾರ್ದು ಅಂತ ಅಚ್ಚಿರ ಮಗ್ಗುಲ್ನ ಕೆಳೀಕ್ ಮಾಡಿ ಹಾಸಿವ್ನಿ. ತಟ್ಟೆ ತಳ ಬಲೇದು. ಕೆಳೀಕ್ ನುಗ್ಗಿ ನೋಡಿದ್ರೆ ಕಾಣ್ತದೆ. ಯಾವ್ದನ್ನೂ ಮುಟ್ಬ್ಯಾಡಿ."

ನನ್ನ ಜೀವಮಾನದಲ್ಲಿ ನಾನು ಅಷ್ಟು ಬೇಗ ಒಬ್ಬರ ಕಾಲಿಗೆ ಬಿದ್ದದ್ದಿಲ್ಲ. ಅಕ್ಕ ಹಿಂದೆ ಸರಿದರು. ಭಕ್ತಿಯಿಂದಲ್ಲ, ನನ್ನ ಸೆಂಟಿನ ವಾಸನೆಗೆ.

"ಇದೇನವ್ವ, ಈ ವಾಸ್ನೇಲಿ ಒಳೀಕ್ ಬಂದ್ರೆ ಒಂದು ಹುಳ ಉಳಿಯಕಿಲ್ಲ!"

ಕಂಪನಿಯ ಇಂಜಿನಿಯರ ಮುಂದೆ ಘನವಾಗಿ ಕಾಣಬೇಕೆಂದು ಬೆಳಗ್ಗೆ ಹಾಕಿಕೊಂಡ ಸೆಂಟು, ಪೌಡರು, ಮುಡಿದ ಮಲ್ಲಿಗೆ ಎಲ್ಲದಕ್ಕೂ ಅಲ್ಲೇ ತೀರ್ಮಾನವಾಯಿತು. ಬಚ್ಚಲಿನಲ್ಲಿ ಮುಖ, ಕತ್ತು, ತೋಳು ಉಜ್ಜಿ ಉಜ್ಜಿ ತೊಳೆದೆ. ಅಕ್ಕ ಮೂಸಿ ನೋಡಿ ಇನ್ನೊಂದು ಸಲ ಕಳಿಸಿದರು. ಆಮೇಲೆ ಅವರದೇ ಒಂದು ಹಳೇ ಸೀರೆ ಉಡಿಸಿ, ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಕಾಲು ಅದ್ದಿಸಿ, ಹುಳದ ಮನೆಯ ಬಾಗಿಲು ತೆರೆದರು. ಅಣ್ಣ ಹೊರಗೆ ಬಾಗಿಲ ಪಕ್ಕ ಪೆನ್ನು ಹಿಡಿದು ಕೂತರು. ಬರೆಯಲು ಹಾಳೆ ಬೇಕಲ್ಲ ಎಂದರೆ, ಮನೆಯಲ್ಲಿದ್ದ ಪೇಪರೆಲ್ಲ ಹುಳದ ಕೆಳಗಿತ್ತು. ಅಂಗೈ ಮೇಲೆ ಬರೆದುಕೊಳ್ಳುತ್ತೇನೆ ಎಂದರು.

ಒಳಗೆ ಮಂಕು ಬೆಳಕು. ಸ್ಟ್ಯಾಂಡುಗಳಲ್ಲಿ ಒಂದರ ಮೇಲೊಂದು ತಟ್ಟೆ. ಒಂದೊಂದು ತಟ್ಟೆಯ ಕೆಳಗೂ ಅಂಗಾತ ಜಾರಿಕೊಂಡು, ಟಾರ್ಚು ಹಿಡಿದು, ಬಲೆಯ ಕಣ್ಣುಗಳ ಮೂಲಕ ಓದಬೇಕು. ಜ್ವರಕ್ಕೆ ಕೂತ ಹುಳದ ಮೇಲೆ ಸುಣ್ಣದ ಪುಡಿ ಉದುರಿಸಿರುತ್ತಾರೆ. ಅದು ಪೇಪರಿನ ಅಂಚಿನಿಂದ ನನ್ನ ಮುಖದ ಮೇಲೆ ಉದುರಿತು. ಸೀನು ಬಂತು. ಅಕ್ಕ ನನ್ನ ಮೂಗು ಹಿಡಿದರು.

ಮೊದಲ ತಟ್ಟೆಯ ಕೆಳಗೆ ಹೋದ ವರ್ಷದ ಹಾಜರಿ ಪಟ್ಟಿ. ಎರಡನೆಯದರಲ್ಲಿ ಕ್ಯಾಂಟೀನಿನ ಇಡ್ಲಿ ಲೆಕ್ಕ. ಐದನೆಯದರಲ್ಲಿ ಮ್ಯಾನೇಜರಿಗೆ ನಾನೇ ಬರೆದು ಹರಿದುಹಾಕಿದ್ದೇನೆ ಎಂದುಕೊಂಡಿದ್ದ ಒಂದು ಸಿಟ್ಟಿನ ಪತ್ರ. ಕಾರ್ಖಾನೆಯ ಗುಟ್ಟೆಲ್ಲ ಕೈಲಾಂಚದ ಹುಳಗಳ ಕೆಳಗೆ ಹಾಸಿ ಬಿದ್ದಿತ್ತು. ಗಂಟೆ ಮೂರೂವರೆಯಾದಾಗ ಹದಿನೇಳನೆಯ ತಟ್ಟೆಯ ಕೆಳಗೆ ನನ್ನ ಪಟ್ಟಿ, ಮೂರು ಹಾಳೆಯೂ ಬಿಡಿಸದೆ ಒಟ್ಟಿಗೆ, ಸಿಕ್ಕಿತು.

ನಾನು ಪಿಸುಗುಟ್ಟುವುದು, ಅಕ್ಕ ಬಾಗಿಲಿಗೆ ಹೋಗಿ ಹೇಳುವುದು, ಅಣ್ಣ ಅಂಗೈಗೆ ಬರೆದುಕೊಳ್ಳುವುದು, ಹೀಗೆ ನಡೆಯಿತು. ಮೊದಲನೆಯದು ಭಾನುವಾರ ಹನ್ನೆರಡು ಗಂಟೆ. ಎರಡನೆಯದು ನಾಲ್ಕು ಸೆಕೆಂಡು. ಮೂರನೆಯದು ಲೇಬಲ್ಲಿಗೆ ಎಂಬತ್ಮೂರು ಪಾಲು, ಟೇಪಿಗೆ ಹದಿನೇಳು. ಅಣ್ಣನ "ಒಸಿ"ಗೆ ಕೊನೆಗೂ ಅಂಕಿ ಸಿಕ್ಕಿತು. ನಾಲ್ಕನೆಯದನ್ನು ಓದುವ ಅಗತ್ಯವೇ ಇರಲಿಲ್ಲ. ಆದರೂ ಪ್ರೀತಿಯಿಂದ ಟಾರ್ಚು ಬಿಟ್ಟೆ.

ಮೂವತ್ತೆರಡು.

ಬಲೆಯ ದಾರ ಅಡ್ಡ ಬಂದಿದೆ ಎಂದುಕೊಂಡೆ. ತಲೆ ಆಚೆ ಸರಿಸಿದೆ. ಈಚೆ ಸರಿಸಿದೆ. ಉಸಿರು ಹಿಡಿದು ಮೂಗು ಬಲೆಗೆ ತಾಗುವಷ್ಟು ಹತ್ತಿರ ಹೋದೆ. ಮೂವತ್ತೆರಡೇ.

"ಅಕ್ಕ, ಇದು ಹಳೇ ಹಾಳೆ. ನಾನು ಬದಲಾಯಿಸೋಕೆ ಮುಂಚಿನದು."

ಅಕ್ಕ ಹೋಗಿ ಹೇಳಿದರು. ನಾನು ಹಾಳೆಯ ಮೂಲೆಯ ತಾರೀಖು ನೋಡಿದೆ, ನಿನ್ನೆಯದು. ಆಗ ಬಾಗಿಲ ಸಂದಿಯಿಂದ ಅಣ್ಣನ ದನಿ ಬಂತು.

"ಮ್ಯಾಲಕ್ಕೆ ಎತ್ತಿದ್ರಲ್ಲವ್ವ ನೀವು, ಆವತ್ತಿಂದ ಲೇಬಲ್ಲು ನಾಲ್ಕಕ್ಕೆ ಬತ್ತಿತ್ತು. ನಿಮ್ಮಕ್ಕನ ಮದ್ವೆಗೆ ರಜ ಹಾಕಿದ್ರಲ್ಲ, ಆವಾಗ ಮೊದ್ಲಿನಂಗೆ ಮಾಡ್ಬುಟ್ಟೆ. ಲಾಭಕ್ಕೆ ಬಂದ್ಬುಡ್ತು."

ನಾನು ಮದುವೆ ಮುಗಿಸಿ ಬಂದು, ಲೇಬಲ್ಲಿನ ವೇಗ ನೋಡಿ, "ಹೇಗಿದೆ ನನ್ನ ಸೆಟ್ಟಿಂಗು?" ಎಂದು ಅವರನ್ನೇ ಕೇಳಿದ್ದೆ. "ಬೋ ಪಸಂದಾಗೈತೆ" ಎಂದಿದ್ದರು. ಒಂದೂವರೆ ವರ್ಷ ನಾನು ಮೆರೆದದ್ದು ಕಂಪನಿಯವರೇ ಹಾಕಿ ಕಳಿಸಿದ್ದ ಸೆಟ್ಟಿಂಗಿನ ಮೇಲೆ.

"ಯಾಕೆ ಹೇಳಲಿಲ್ಲ?" ಎಂದು ಕಿರುಚಬೇಕೆನಿಸಿತು. ಬಾಯಿ ತೆರೆದೆ. ಅಕ್ಕನ ಅಂಗೈ ಬಾಯಿಗೆ ಬಂತು. ಜ್ವರದ ಹುಳದ ಮನೆಯಲ್ಲಿ ದನಿ ಎತ್ತುವಂತಿಲ್ಲ. ಹಾಗಾಗಿ ನನ್ನ ಜೀವಮಾನದ ದೊಡ್ಡ ಜಗಳವನ್ನು ನಾನು ಅಂಗಾತ ಮಲಗಿ, ಮುಖದ ತುಂಬ ಸುಣ್ಣ ಬಳಿದುಕೊಂಡು, ಪಿಸುಮಾತಿನಲ್ಲಿ ಆಡಿದೆ. ಪಿಸುಮಾತಿನಲ್ಲಿ ಆಡಿದರೆ ಬೈಗುಳಕ್ಕೆ ಅರ್ಧ ಬಲವೂ ಇರುವುದಿಲ್ಲ. ಅದೂ ಸಾಲದೆ, ಒಂದೊಂದನ್ನೂ ಅಕ್ಕ ಬಾಗಿಲಿಗೆ ಹೋಗಿ ಮುಟ್ಟಿಸಬೇಕು. ಮೂರನೆಯ ಸಲ ಅವರು ಹೋಗಲಿಲ್ಲ. ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

"ಹೇಳ್ಬೇಕು ಅಂತ ನಾಲ್ಕ್ ದಿನ ನಿದ್ದೆ ಮಾಡ್ನಿಲ್ಲ ಅವ್ರು. ನಾನೇ ಬ್ಯಾಡ ಅಂದೆ. ನಿಮ್ಗೆ ಹೇಳಕ್ಕೆ ಭಯ ಅವ್ರಿಗೆ. ಮನೇಲಿ ನಿಮ್ ಸುದ್ದಿ ಬಂದ್ರೆ ಮೆತ್ತಗೆ ಮಾತಾಡ್ತಾರೆ, ನೀವು ಇಲ್ಲೇ ಕೇಳುಸ್ಕತಾ ಇದ್ದೀರ ಅನ್ನಂಗೆ."

ಅಕ್ಕ ಅದನ್ನು ದೂರಾಗಿ ಹೇಳಲಿಲ್ಲ, ಹುಳದ ವಿಷಯ ಹೇಳಿದಷ್ಟೇ ಸಹಜವಾಗಿ ಹೇಳಿದರು. ನನಗೆ ಅಳು ಬಂತು. ನನ್ನನ್ನು ಜನ ಗೌರವಿಸುತ್ತಾರೆ ಎಂದುಕೊಂಡಿದ್ದೆ. ಬೈಸಿಕೊಳ್ಳುವುದು ಯಾಕೆಂದು ಸುಮ್ಮನಿರುತ್ತಿದ್ದರು, ಅಷ್ಟೆ. ಕಣ್ಣೀರಿಗೆ ಸುಣ್ಣ ಕಲೆತು ಕಣ್ಣು ಉರಿಯತೊಡಗಿತು, ಆಗ ಅಳುವುದನ್ನೂ ನಿಲ್ಲಿಸಬೇಕಾಯಿತು.

ಊರಿನಲ್ಲಿ ಮೊಬೈಲು ಸಿಗ್ನಲ್ ಇದ್ದದ್ದು ಹಾಲಿನ ಡೇರಿಯ ಜಗಲಿಯ ಮೇಲೆ ಮಾತ್ರ. ನಾಲ್ಕೂಕಾಲಿಗೆ ಅಲ್ಲಿಗೆ ಓಡಿದೆವು. ಅಕ್ಕನ ಸೀರೆಯಲ್ಲಿ, ಸುಣ್ಣದ ಮುಖದಲ್ಲಿ ನಾನು, ಮುಂದೆ ಅಂಗೈ ಚಾಚಿಕೊಂಡು ಅಣ್ಣ. ಹಾಲು ಹಾಕಲು ಬೇಗ ಬಂದು ಕೂತಿದ್ದವರು ಎದ್ದು ನಿಂತರು. ನಾನು ಅಣ್ಣನ ಕೈ ನೋಡಿ ಒಂದೊಂದೇ ಅಂಕಿಯನ್ನು ಫೋನಿನಲ್ಲಿ ಹೇಳತೊಡಗಿದೆ. ಒಬ್ಬ ಅಜ್ಜಿ, "ಯಾರ್ಗಪ್ಪ ಉಸಾರಿಲ್ಲ?" ಎಂದು ಅಣ್ಣನನ್ನು ಕೇಳಿದರು. "ಬೀರಿಗೆ" ಎಂದರು ಅಣ್ಣ.

ಮೂರು ಮುಗಿಯಿತು. ಆ ಕಡೆಯಿಂದ ಇಂಜಿನಿಯರು ನಾಲ್ಕನೆಯದು ಎಷ್ಟು ಎಂದ.

ಅಣ್ಣ ನಾಲ್ಕನೆಯದನ್ನು ಅಂಗೈಗೆ ಬರೆದುಕೊಂಡಿರಲಿಲ್ಲ. ನನಗೆ ಬಿಟ್ಟಿದ್ದರು. ಅವರು ಬೇರೆ ಕಡೆ ತಿರುಗಿ ಡೇರಿಯ ಗೋಡೆಯ ಮೇಲಿನ ಹಾಲಿನ ದರ ಓದುತ್ತಿದ್ದರು. ನೂರ ಇಪ್ಪತ್ತೆಂಟು ಎಂದರೆ ವರದಿಯ ಮೊದಲ ಸಾಲು ನಿಜವಾಗುತ್ತದೆ, ಲೇಬಲ್ಲು ನಾಲ್ಕಕ್ಕೆ ಬರುತ್ತದೆ, ಹ್ಯಾಗೋ ನಡೆಯುತ್ತದೆ. ನಡೆಯದೆಯೂ ಹೋಗಬಹುದು. ಆ ಕಡೆಯಿಂದ ಅವನು ಹಲೋ ಹಲೋ ಎಂದು ಕೂಗಿದ.

"ಮೂವತ್ತೆರಡು," ಎಂದೆ.

ಅದು ಆಗಲೇ ಇದೆ, ಅದಕ್ಕೇನೂ ಮಾಡಬೇಕಾಗಿಲ್ಲ ಎಂದ.

ಸೋಮವಾರ ಬೆಳಗ್ಗೆ ಐದೂಮುಕ್ಕಾಲಿಗೆ ನಾನು ಡಿಸ್‌ಪ್ಯಾಚಿನಲ್ಲಿದ್ದೆ. ಅಣ್ಣ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು. ಕೂತೆ. ಆರು ಹೊಡೆಯಿತು, ಹುಡುಗಿ ಗುಂಡಿ ಒತ್ತಿದಳು. ಅಣ್ಣ "ಲಾಭ" ಎಂದು ಪೂರ್ತಿ ಹೇಳುವ ಮುಂಚೆ ಲೇಬಲ್ಲು ನಾಲಿಗೆ ಚಾಚಿತು. ಮತ್ತೊಂದು. ಮತ್ತೊಂದು. ಏಳು ಗಂಟೆಗೆ ಮೊದಲ ಲಾರಿ ಹೊರಟಿತು. ಒಂಬತ್ತಕ್ಕೆ ಮ್ಯಾನೇಜರು ಬಂದು, ಕನ್ನಡಕ ತೆಗೆಯದೆಯೇ, ಅಲ್ಲೇ ಎಲ್ಲರ ಮುಂದೆ ನನ್ನ ಕೈ ಕುಲುಕಿದರು.

"ಉಳಿಸಿಬಿಟ್ರಿ. ಅದರಲ್ಲೂ ನಿಮ್ಮ ಆ ನೂರ ಇಪ್ಪತ್ತೆಂಟು! ನನಗೆ ನೆನಪಿದೆ, ವರದೀಲಿ ಓದಿದ್ದೆ."

ಹೇಳದೆ ಇರಬಹುದಿತ್ತು. ಪಕ್ಕದಲ್ಲಿ ಅಣ್ಣ ಇದ್ದರು. ಅವರು ಬಾಯಿ ಬಿಡುವವರಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಗೊತ್ತಿದ್ದರಿಂದಲೇ ಹೇಳದೆ ಇರಲು ಆಗಲಿಲ್ಲ.

"ಅದು ಒಂದೂವರೆ ವರ್ಷದಿಂದ ಇಲ್ಲವೇ ಇಲ್ಲ ಸರ್. ಅದರಿಂದ ಲೇಬಲ್ ತಡ ಆಗ್ತಿತ್ತು. ಅಣ್ಣ ತೆಗೆದುಹಾಕಿದ್ರು. ನನಗೆ ನಿನ್ನೆ ಗೊತ್ತಾಯ್ತು. ಮಿಕ್ಕ ಮೂರೂ ಅವರದೇ."

ಮ್ಯಾನೇಜರು ಈಗ ಕನ್ನಡಕ ತೆಗೆದರು.

"ಹಾಗಾದ್ರೆ ಚಾರ್ಜು ಯಾರಿಗೆ ಕೊಡಲಿ?"

ಅಣ್ಣ ಎದ್ದು ನಿಂತರು.

"ಅವ್ರಿಗೇ ಕೊಡಿ ಸಾ. ನಂಗೆ ಆ ಇಂಗ್ಲೀಸ್ ಪತ್ರ ಗಿತ್ರ ಆಗಕಿಲ್ಲ. ಆದ್ರೆ ಒಂದ್ ಮಾತು ಬರುಸ್ಕಳಿ. ನಾನು ಏನಾರ ಹೇಳ್ದಾಗ ಸಿಟ್ಟು ಮಾಡ್ಕಬಾರ್ದು ಅಂತ."

ತಮಾಷೆಗೆ ಎಂದುಕೊಂಡೆ. ಮ್ಯಾನೇಜರು ಹಾಗೆಂದುಕೊಳ್ಳಲಿಲ್ಲ. ಜೇಬಿನಿಂದ ಚಾರ್ಜಿನ ಆರ್ಡರು ತೆಗೆದು, ಲೇಬಲ್ ಪ್ರಿಂಟರಿನ ಮೇಲಿಟ್ಟು, ಅಚ್ಚಾದ ಸಾಲುಗಳ ಕೆಳಗೆ ಕೈಯಲ್ಲಿ ಬರೆದು, ಡಿಸ್‌ಪ್ಯಾಚಿನ ಹುಡುಗಿಯರಿಗೆಲ್ಲ ಕೇಳುವ ಹಾಗೆ ಓದಿದರು. "ಸೆಟ್ಟಿಂಗಿನ ವಿಷಯದಲ್ಲಿ ಆಪರೇಟರು ಹೇಳುವ ಮಾತನ್ನು ಸಿಟ್ಟು ಮಾಡಿಕೊಳ್ಳದೆ ಕೇಳತಕ್ಕದ್ದು. ಸರಿನಾ?"

"ಸರ್, 'ಸಾಧ್ಯವಾದಷ್ಟೂ' ಅಂತ ಒಂದು ಸೇರಿಸಿ," ಎಂದೆ.

ಅವರು ಸೇರಿಸಿದರು. ಅಣ್ಣ ಬಗ್ಗಿ ಓದಿದರು. ಆಮೇಲೆ, ಮೂರು ವರ್ಷದಲ್ಲಿ ಮೊದಲ ಸಲ, ನನ್ನ ಮುಖವನ್ನೇ ನೋಡಿಕೊಂಡು ಹೇಳಿದರು.

"ಅದು ಬ್ಯಾಡ ಕಣವ್ವ. ಅದೊಂದು ಇದ್ರೆ ನೀವು ಅದ್ನೇ ಹಿಡ್ಕತೀರಿ."

ಆರ್ಡರಿನ ಮಸಿ ಇನ್ನೂ ಒಣಗಿರಲಿಲ್ಲ, ಆಗಲೇ ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಹುಡುಗಿಯರು ಲೇಬಲ್ ಅಂಟಿಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅಣ್ಣ ಕಣ್ಣು ಕೆಳಗೆ ಹಾಕಲಿಲ್ಲ.

"ಆ ಪದ ಹೊಡೆದುಹಾಕಿ ಸರ್," ಎಂದೆ.